ಬಟವಡೆಗೆ ಮೊದಲೇ ಕೈ ಖಾಲಿಯಾದರೆ: ಕೈಗಡ, ಸಂಘ, ಫೈನಾನ್ಸ್, ಗಿರವಿ, ಆ್ಯಪ್ – ಯಾರಿಗೆ ಯಾವುದು?

"ಅಕ್ಕೋರೆ, ಫೈನಾನ್ಸ್‌ನವರು ನಲವತ್ತು ಸಾವಿರ ಕೊಡ್ತೀವಿ ಅಂತಾರ. ಸಂಘದಾಗ ಕೇಳಿದ್ರ ಮುಂದಿನ ತಿಂಗಳ ನೋಡೋಣ ಅಂತಾರ. ಮನಿಯವರು ಬಂಗಾರ ಇಡು ಅಂತಾರ. ಯಾವುದು ತಗೊಳ್ಲಿ ಹೇಳ್ರಿ."

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ನನಗೆ ಈ ಪ್ರಶ್ನೆ ಹೊಸದಲ್ಲ. ಹಮಾಲರು ಕೇಳುತ್ತಾರೆ, ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ಕೇಳುತ್ತಾರೆ, ಲಾರಿ ಕ್ಲೀನರ್ ಹುಡುಗರು ಮೊಬೈಲ್ ಹಿಡಿದುಕೊಂಡೇ ಬಂದು ಕೇಳುತ್ತಾರೆ. ಸಾಲ ಮಾಡಬೇಡಿ ಅನ್ನುವುದು ಸುಲಭ. ಕೂಸಿಗೆ ಜ್ವರ ಬಂದಿದೆ, ಬಟವಡೆಗೆ ಇನ್ನೂ ನಾಲ್ಕು ದಿನ ಇದೆ ಅನ್ನುವವರಿಗೆ ಆ ಮಾತಿನಿಂದ ಏನೂ ಆಗುವುದಿಲ್ಲ. ಹಾಗಾಗಿ ಸಾಲ ಮಾಡಲೇಬೇಕಾದಾಗ ಯಾವುದನ್ನು ಹೇಗೆ ತೂಗಿ ನೋಡಬೇಕು ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು: ಒಂದು ಕಂತು ತಪ್ಪಿದರೆ ಏನಾಗುತ್ತದೆ? ಮಳೆ ಹಿಡಿದರೆ ಗೌಂಡಿ ಕೆಲಸ ನಿಲ್ಲುತ್ತದೆ. ತೊಗರಿ ಸೀಜನ್ ಮುಗಿದರೆ ಹಮಾಲಿ ಕಡಿಮೆಯಾಗುತ್ತದೆ. ಕೂಲಿಯ ಮೇಲೆ ನಡೆಯುವ ಮನೆಯಲ್ಲಿ ವರ್ಷಕ್ಕೆ ಒಂದೆರಡು ಕಂತು ತಪ್ಪಿಯೇ ತಪ್ಪುತ್ತವೆ. ಆ ದಿನ ಸಾಲ ಕೊಟ್ಟವರು ಏನು ಮಾಡುತ್ತಾರೆ? ದಂಡ ಹಾಕಿ ಸುಮ್ಮನಾಗುತ್ತಾರಾ, ಬಂಗಾರ ಹರಾಜು ಹಾಕುತ್ತಾರಾ, ಮನೆ ಮುಂದೆ ಬಂದು ಕೂರುತ್ತಾರಾ, ಫೋನಿನಲ್ಲಿರುವ ನೆಂಟರಿಗೆಲ್ಲ ಫೋಟೊ ಕಳಿಸುತ್ತಾರಾ? ಇದಕ್ಕೆ ಉತ್ತರ ಗೊತ್ತಾಗದೆ ಸಹಿ ಹಾಕಬೇಡಿ.

ಆಮೇಲೆ ಮೂರು ಅಂಕಿ ಬರೆದುಕೊಳ್ಳಿ. ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು, ಎಷ್ಟು ದಿನದಲ್ಲಿ. ಬಡ್ಡಿ ಹೇಳುವ ರೀತಿಯಲ್ಲೇ ಮಂದಿ ಮೋಸ ಹೋಗುತ್ತಾರೆ. "ನೂರಕ್ಕೆ ಮೂರು" ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. "ಫ್ಲಾಟ್ ಹನ್ನೆರಡು" ಅಂದಾಗ ಅಗ್ಗ ಅನ್ನಿಸುತ್ತದೆ. ಆದರೆ ನೀವು ಪ್ರತಿ ತಿಂಗಳು ಅಸಲು ವಾಪಸ್ ಕೊಡುತ್ತಾ ಹೋದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ. ಹನ್ನೆರಡು ತಿಂಗಳ ಸಾಲದಲ್ಲಿ ಫ್ಲಾಟ್ ಶೇ 12 ಅಂದರೆ ನಿಜವಾಗಿ ಸುಮಾರು ಶೇ 21.

ನಿಮಗೆ ದುಡ್ಡು ಬರುವ ದಿನಕ್ಕೂ ಕಂತಿನ ದಿನಕ್ಕೂ ಹೊಂದಬೇಕು. ವಾರದ ಬಟವಡೆ ಇದ್ದವರಿಗೆ ವಾರದ ಕಂತು ನಡೆಯುತ್ತದೆ. ತಿಂಗಳ ಪಗಾರದವರಿಗೆ ವಾರದ ಕಂತೆಂದರೆ ಮೂರು ವಾರ ಒದ್ದಾಟ. ತೊಗರಿ ಬೆಳೆಯುವವರಿಗೆ ಡಿಸೆಂಬರ್, ಜನವರಿಯಲ್ಲಿ ರಾಶಿಯಾದ ಮೇಲೆಯೇ ಹಣ. ಅವರು ತಿಂಗಳ ಕಂತಿನ ಸಾಲ ಎತ್ತಿದರೆ ಕಂತು ಕಟ್ಟಲು ಇನ್ನೊಂದು ಸಾಲ ಬೇಕಾಗುತ್ತದೆ.

ಕೊನೆಗೆ, ನೀವು ಏನು ಒತ್ತೆ ಇಡುತ್ತಿದ್ದೀರಿ ಎಂದು ನೋಡಿ. ಬಂಗಾರ ಇಟ್ಟರೆ ಬಂಗಾರ ಹೋಗಬಹುದು. ಖಾಲಿ ಚೆಕ್, ಖಾಲಿ ಬಾಂಡ್ ಪೇಪರ್ ಕೊಟ್ಟರೆ ಏನು ಹೋಗುತ್ತದೆ ಅನ್ನುವುದು ನಿಮ್ಮ ಕೈಯಲ್ಲೇ ಇರುವುದಿಲ್ಲ.

ಕೈಗಡ, ಉದ್ರಿ, ಮಾಲೀಕರ ಮುಂಗಡ

ಎರಡು ಮೂರು ಸಾವಿರ, ಬಟವಡೆವರೆಗೆ ಮಾತ್ರ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಡ್ಡಿ ಇಲ್ಲ, ಕಾಗದ ಇಲ್ಲ. ಕಂತು ತಪ್ಪಿದರೆ ಹೋಗುವುದು ಮಾತು. ಅದಕ್ಕೇ ಹೇಳಿದ ದಿನ ಪೂರ್ತಿ ಆಗದಿದ್ದರೆ ಅರ್ಧವಾದರೂ ಕೊಟ್ಟು ಬನ್ನಿ. ಕೇಳಲು ನಾಚಿಕೆ ಅಂತ ಆ್ಯಪ್ ಒತ್ತುವವರು ಈಗ ಜಾಸ್ತಿಯಾಗಿದ್ದಾರೆ. ಅಣ್ಣನ ಹತ್ತಿರ ಕೇಳುವ ನಾಚಿಕೆ ಒಂದು ಗಂಟೆಯದು.

ಕೆಲಸದ ಕಡೆ ಮುಂಗಡ ತೆಗೆದುಕೊಂಡರೆ ವಾರಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಮೊದಲೇ ಮಾತಾಡಿ, ಒಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಬಟವಡೆಯ ಕಾಲು ಭಾಗಕ್ಕಿಂತ ಹೆಚ್ಚು ಹಿಡಿದರೆ ಮುಂದಿನ ವಾರ ಮತ್ತೆ ಮುಂಗಡ ಕೇಳಬೇಕಾಗುತ್ತದೆ.

ಇನ್ನೊಂದು ಬಹಳ ಮಂದಿಗೆ ಗೊತ್ತಿಲ್ಲ. ಜನಧನ್ ಖಾತೆಗೆ ₹10,000ವರೆಗೆ ಓವರ್‌ಡ್ರಾಫ್ಟ್ ಇದೆ, ಅದರಲ್ಲಿ ₹2,000ವರೆಗೆ ಷರತ್ತಿಲ್ಲ. ಖಾತೆಯಲ್ಲಿ ವ್ಯವಹಾರ ನಡೆಯುತ್ತಿದ್ದರೆ ಬ್ಯಾಂಕಿನಲ್ಲಿ ಹೆಸರು ಹೇಳಿಯೇ ಕೇಳಿ.

ಸ್ವಸಹಾಯ ಸಂಘ

ಸ್ತ್ರೀಶಕ್ತಿ ಸಂಘವಾಗಲಿ, ಸಂಜೀವಿನಿ ಸಂಘವಾಗಲಿ, ಒಳಗಿನ ಸಾಲಕ್ಕೆ ಸಾಮಾನ್ಯವಾಗಿ ನೂರಕ್ಕೆ ಒಂದು ಅಥವಾ ಎರಡು. ಆ ಬಡ್ಡಿಯೂ ಸಂಘದ ಪೆಟ್ಟಿಗೆಗೇ ಬರುತ್ತದೆ, ಅಂದರೆ ನಿಮ್ಮದೇ ಪಾಲಿಗೆ. ಸಂಜೀವಿನಿ ಅಡಿಯ ಸಂಘಗಳಿಗೆ ಬ್ಯಾಂಕಿನಿಂದ ₹3 ಲಕ್ಷದವರೆಗೆ ಶೇ 7ರಲ್ಲಿ ಸಾಲ ಸಿಗುತ್ತದೆ. ಕಂತು ತಪ್ಪಿದರೆ ಸಭೆಯಲ್ಲಿ ಮಾತು ಬರುತ್ತದೆ, ದಂಡ ಬೀಳುತ್ತದೆ. ಆದರೆ ಎದುರಿಗೆ ಕೂತವರು ನಿಮ್ಮ ಓಣಿಯವರೇ. ಈ ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ ಅಂದರೆ ಕೇಳಿಸಿಕೊಳ್ಳುವವರಿರುತ್ತಾರೆ.

ಇದರ ಕೊರತೆ ಎರಡು. ಬೇಗ ಸಿಗುವುದಿಲ್ಲ. ಇವತ್ತು ಸಂಘ ಸೇರಿ ನಾಳೆ ಸಾಲ ಕೇಳಲಾಗದು, ಕೆಲವು ತಿಂಗಳು ಉಳಿತಾಯ ಕಟ್ಟಬೇಕು, ಸಭೆಗೆ ಹೋಗಬೇಕು. ಎರಡನೆಯದು, ಲೆಕ್ಕ ಒಬ್ಬರ ಕೈಯಲ್ಲೇ ಇದ್ದರೆ ಸಂಘ ಕೆಡುತ್ತದೆ. ಪುಸ್ತಕವನ್ನು ಸಭೆಯಲ್ಲಿ ಓದಿಸಿ ಕೇಳಿ. ಕಷ್ಟ ಬಂದ ಮೇಲೆ ಸಂಘ ಹುಡುಕುವ ಬದಲು, ಈಗ ಕಷ್ಟ ಇಲ್ಲದವರು ಈಗಲೇ ಸೇರಿಕೊಳ್ಳಿ. ಗೃಹಲಕ್ಷ್ಮಿಯ ₹2,000ದಲ್ಲಿ ಇನ್ನೂರು ರೂಪಾಯಿ ಸಂಘಕ್ಕೆ ಹೋದರೂ ಸಾಕು.

ಫೈನಾನ್ಸ್‌ನವರ ಗುಂಪು ಸಾಲ

ಬೆಳಿಗ್ಗೆ ಓಣಿಯ ಒಂದು ಮನೆ ಮುಂದೆ ತಾಡಪತ್ರಿ ಹಾಸಿ ಹೆಣ್ಣುಮಕ್ಕಳು ಸಾಲಾಗಿ ಕೂತಿರುತ್ತಾರೆ. ಬೈಕಿನಲ್ಲಿ ಬಂದ ಮೈಕ್ರೊ ಫೈನಾನ್ಸ್ ಕಂಪನಿಯ ಹುಡುಗ ಹೆಸರು ಕೂಗುತ್ತಾನೆ. ಇದು ಈಗ ನಮ್ಮ ಕಡೆ ದಿನದ ನೋಟ. ಬ್ಯಾಂಕ್ ಬಾಗಿಲಲ್ಲಿ ನಿಲ್ಲಿಸುವವರಿಗೂ ಇವರು ವಾರದೊಳಗೆ ಸಾಲ ಕೊಡುತ್ತಾರೆ, ಒತ್ತೆ ಕೇಳುವುದಿಲ್ಲ. ಇವರನ್ನು ಬಡ್ಡಿ ಸಾಹುಕಾರರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಹಾಗಂತ ಅಗ್ಗವೂ ಅಲ್ಲ.

ಅವರು ಕೊಡುವ ಸಾಲದ ಕಾರ್ಡ್ ತೆಗೆದು ನೋಡಿ. ₹40,000, ಎರಡು ವರ್ಷ, ಶೇ 24 ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು ₹2,115. ಮೊದಲ ಸಾಲಿನಲ್ಲಿ ಬಡ್ಡಿಯ ಕಾಲಂ ಕೆಳಗೆ ₹800 ಇರುತ್ತದೆ, ಅಸಲಿನ ಕೆಳಗೆ ₹1,315. ಕೆಳಗೆ ಇಳಿದಂತೆ ಬಡ್ಡಿ ಕಡಿಮೆಯಾಗುತ್ತದೆ, ಅಸಲು ಹೆಚ್ಚುತ್ತದೆ. ಕೊನೆಯ ಕಂತಿನಲ್ಲಿ ಬಡ್ಡಿ ಸುಮಾರು ನಲವತ್ತು ರೂಪಾಯಿ ಮಾತ್ರ. ಒಟ್ಟು ಕಟ್ಟುವುದು ಸುಮಾರು ₹50,750. ಅದೇ ನಲವತ್ತು ಸಾವಿರ ಸಾಹುಕಾರರಲ್ಲಿ ನೂರಕ್ಕೆ ಮೂರರಂತೆ ತಂದು ತಿಂಗಳಿಗೆ ಬಡ್ಡಿ ₹1,200 ಮಾತ್ರ ಕಟ್ಟುತ್ತಾ ಹೋದರೆ? ಕಂತು ಹಗುರ ಅನ್ನಿಸುತ್ತದೆ. ಆದರೆ ಎರಡು ವರ್ಷಕ್ಕೆ ₹28,800 ಹೋಗಿರುತ್ತದೆ, ನಲವತ್ತು ಸಾವಿರ ಹಾಗೇ ನಿಂತಿರುತ್ತದೆ. ಕಾರ್ಡಿನಲ್ಲಿ ಬಡ್ಡಿ, ಅಸಲು, ಬಾಕಿ ಬೇರೆ ಬೇರೆ ಬರೆದಿಲ್ಲ ಅಂದರೆ ಆ ಸಾಲ ಬೇಡ. ಪ್ರೊಸೆಸಿಂಗ್ ಚಾರ್ಜು, ವಿಮೆ ಅಂತ ಮೊದಲೇ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನೂ ಕೇಳಿ. ಕೈಗೆ ಬರುವುದು ನಲವತ್ತು ಸಾವಿರ ಆಗಿರುವುದಿಲ್ಲ.

ಇವರ ಸಾಲದಲ್ಲಿ ನೋವು ಇರುವುದು ಕಂತು ತಪ್ಪಿದ ದಿನ. ಒಬ್ಬಾಕೆ ಕಟ್ಟದಿದ್ದರೆ ಉಳಿದವರನ್ನು ಎಬ್ಬಿಸದೆ ಕೂರಿಸುವುದುಂಟು. ಆಗ ನೆರೆಯವರೇ ಬೈಯಲು ನಿಲ್ಲುತ್ತಾರೆ. ಆರ್‌ಬಿಐನ 2022ರ ನಿಯಮ ಏನು ಹೇಳುತ್ತದೆ ಅನ್ನುವುದನ್ನು ಇವರಿಂದ ಸಾಲ ಪಡೆದ ಪ್ರತಿ ಹೆಣ್ಣುಮಗಳೂ ತಿಳಿದಿರಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ಹೆದರಿಸುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ. ವಸೂಲಿ ಮೊದಲೇ ಒಪ್ಪಿದ ಜಾಗದಲ್ಲೇ ನಡೆಯಬೇಕು. ಮೇಲಿಂದ ಮೇಲೆ ಎರಡು ಸಲ ಆ ಜಾಗಕ್ಕೆ ನೀವು ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಇಲ್ಲ. ಮತ್ತೆ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ದುಡಿಮೆಯ ಅರ್ಧ ದಾಟುವಂತಿಲ್ಲ. ₹18,000 ದುಡಿಯುವ ಮನೆಗೆ ಆ ಮಿತಿ ₹9,000. ನನ್ನ ಕೇಳಿದರೆ ಅದೂ ಜಾಸ್ತಿಯೇ. ಬಾಡಿಗೆ, ರೇಷನ್, ಸಾಲೆ ಫೀಜು ಇರುವ ಮನೆ ಆರು ಸಾವಿರ ದಾಟಬಾರದು.

ನಿಯಮ ಮೀರಿದರೆ ಮೊದಲು ಕಾರ್ಡಿನ ಮೇಲಿರುವ ಕಂಪನಿಯ ದೂರಿನ ನಂಬರ್, ಅಲ್ಲಿ ಕೇಳದಿದ್ದರೆ ಆರ್‌ಬಿಐನ 14448.

ಬಂಗಾರದ ಸಾಲ

ಮನೆಯಲ್ಲಿ ಎರಡು ಗ್ರಾಂ ಕಿವಿಯೋಲೆ ಇದ್ದರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ದಿನದಲ್ಲಿ ಹಣ ಸಿಗುತ್ತದೆ, ಯಾರ ಜಾಮೀನೂ ಬೇಡ, ಮನೆ ಮುಂದೆ ಯಾರೂ ಬರುವುದಿಲ್ಲ. ಆದರೆ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ₹30,000 ಒಂದು ವರ್ಷಕ್ಕೆ ಅಂದುಕೊಳ್ಳಿ. ಬ್ಯಾಂಕಿನಲ್ಲಿ ಶೇ 10 ಇದ್ದರೆ ಬಡ್ಡಿ ₹3,000. ಬಂಗಾರದ ಕಂಪನಿಯಲ್ಲಿ ಶೇ 18 ಇದ್ದರೆ ₹5,400. ಗಿರವಿ ಅಂಗಡಿಯಲ್ಲಿ ನೂರಕ್ಕೆ ಮೂರು ಅಂದರೆ ₹10,800. ಒಂದೇ ಬಂಗಾರ, ಒಂದೇ ಮೊತ್ತ.

ಕಂಪನಿಯವರು ಅರ್ಧ ಗಂಟೆಯಲ್ಲಿ ಕೊಡುತ್ತಾರೆ, ಬ್ಯಾಂಕಿನಲ್ಲಿ ಅರ್ಧ ದಿನ ಹೋಗುತ್ತದೆ. ಎರಡು ಸಾವಿರದ ನಾನೂರು ರೂಪಾಯಿಗೋಸ್ಕರ ಅರ್ಧ ದಿನ ಕೊಡಬಹುದು ಅಲ್ವಾ? ಆದರೆ ಕಂಪನಿಯ ಬೋರ್ಡಿನ ಮೇಲಿರುವ ಬಡ್ಡಿ ನಿಮಗೆ ಬೀಳುವ ಬಡ್ಡಿಯೇ ಆಗಿರಬೇಕೆಂದಿಲ್ಲ. ತಿಂಗಳು ತಿಂಗಳು ಬಡ್ಡಿ ಕಟ್ಟದಿದ್ದರೆ ದರ ಏರುವ ಸ್ಕೀಮುಗಳಿವೆ, ಕೇಳಿ.

2026ರ ಏಪ್ರಿಲ್‌ನಿಂದ ಪಾಲಿಸಬೇಕಾದ ಆರ್‌ಬಿಐ ನಿಯಮದಂತೆ ₹2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ 85ರವರೆಗೆ ಕೊಡಬಹುದು. ಹೆಚ್ಚು ಕೊಡುತ್ತಾರೆ ಅಂತ ಪೂರ್ತಿ ಎತ್ತಬೇಡಿ. ಎತ್ತಿದಷ್ಟೂ ಬಿಡಿಸುವುದು ಕಷ್ಟ. ಸಾಲ ತೀರಿದ ಮೇಲೆ ಏಳು ಕೆಲಸದ ದಿನದೊಳಗೆ ಬಂಗಾರ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ. ಹರಾಜಿಗೆ ಮೊದಲು ನೋಟಿಸ್ ಕೊಡಬೇಕು, ಬಾಕಿ ಕಳೆದು ಉಳಿದ ಹಣ ನಿಮಗೇ ಬರಬೇಕು. ಇದು ಬ್ಯಾಂಕು, ಕಂಪನಿಗಳ ಮಾತು. ಓಣಿಯ ಗಿರವಿ ಅಂಗಡಿಯ ಚೀಟಿಯಲ್ಲಿ ತೂಕ, ಸಾಮಾನಿನ ಹೆಸರು, ಬಡ್ಡಿ ಮೂರೂ ಇಲ್ಲದಿದ್ದರೆ ಅಲ್ಲಿ ತಾಳಿ ಬಿಚ್ಚಿಡಬೇಡಿ.

ಸಾಹುಕಾರ, ದಿನದ ವಸೂಲಿ, ಮೀಟರ್ ಬಡ್ಡಿ

ಕಣ್ಣಿ ಮಾರ್ಕೆಟ್, ಸೂಪರ್ ಮಾರ್ಕೆಟ್ ಕಡೆ ತಳ್ಳುಗಾಡಿ ಇಟ್ಟವರಿಗೆ ದಿನದ ವಸೂಲಿ ಗೊತ್ತು. ₹10,000 ಎಂದು ಬರೆದು ₹9,000 ಕೈಗೆ ಕೊಡುತ್ತಾರೆ. ದಿನಕ್ಕೆ ₹100ರಂತೆ 100 ದಿನ. ಸಾವಿರ ರೂಪಾಯಿ ಬಡ್ಡಿ, ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ಐವತ್ತನೇ ದಿನ ನಿಮ್ಮ ಹತ್ತಿರ ಅವರ ಹಣ ಅರ್ಧವೂ ಇರುವುದಿಲ್ಲ. ವರ್ಷದ ಲೆಕ್ಕಕ್ಕೆ ತಂದರೆ ಇದು ಶೇ 75 ದಾಟುತ್ತದೆ. ಮೀಟರ್ ಬಡ್ಡಿ ಇದಕ್ಕೂ ಮೇಲೆ. ನೂರಕ್ಕೆ ಹತ್ತರಂತೆ ಹತ್ತು ತಿಂಗಳು ಕಟ್ಟಿದರೆ ತಂದಷ್ಟೂ ಬಡ್ಡಿಗೇ ಹೋಯಿತು, ಅಸಲು ಒಂದು ಪೈಸೆಯೂ ತೀರಿಲ್ಲ.

ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರೂ ಒತ್ತೆ ಇದ್ದರೆ ವರ್ಷಕ್ಕೆ ಶೇ 14, ಒತ್ತೆ ಇಲ್ಲದಿದ್ದರೆ ಶೇ 16ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಮಿತಿಮೀರಿದ ಬಡ್ಡಿಯ ವಿರುದ್ಧ 2004ರ ಕಾಯ್ದೆಯೇ ಇದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಬಲವಂತದಿಂದ ವಸೂಲಿ ಮಾಡುವವರಿಗೆ ಅದರಲ್ಲಿ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಇದೆ.

ಬೀದಿ ವ್ಯಾಪಾರಿಗಳಿಗೆ ಇದರ ಬದಲು ಪಿಎಂ ಸ್ವನಿಧಿ ಇದೆ. ಒತ್ತೆ ಇಲ್ಲ. ಮೊದಲ ಸಲ ₹15,000, ಸರಿಯಾಗಿ ತೀರಿಸಿದರೆ ₹25,000, ಆಮೇಲೆ ₹50,000. ಬಡ್ಡಿಯಲ್ಲಿ ಶೇ 7 ಸರ್ಕಾರ ವಾಪಸ್ ಕೊಡುತ್ತದೆ. ಪಾಲಿಕೆ ಅಥವಾ ನಗರಸಭೆಯ ವ್ಯಾಪಾರಿ ಕಾರ್ಡ್ ಅಥವಾ ಶಿಫಾರಸು ಪತ್ರ ಬೇಕು. ಓಡಾಟ ಇದೆ, ನಿಜ. ದಿನದ ವಸೂಲಿ ಮುಗಿಯಲು ತಿಂಗಳಿದೆ ಅನ್ನುವಾಗಲೇ ಅರ್ಜಿ ಹಾಕಿ.

ಆ್ಯಪ್ ಸಾಲ

ಇದರಲ್ಲಿ ಎರಡು ಜಾತಿ. ಬ್ಯಾಂಕ್ ಅಥವಾ ನೋಂದಾಯಿತ ಕಂಪನಿಯ ಹೆಸರು ಎದುರಿಗೇ ಇರುವ ಆ್ಯಪ್ ಒಂದು. ನಿಯಮದಂತೆ ಅವು ವರ್ಷದ ಪೂರ್ತಿ ಖರ್ಚನ್ನು ಮೊದಲೇ ಒಂದು ಹಾಳೆಯಲ್ಲಿ ತೋರಿಸಬೇಕು, ಹಣ ನೇರ ನಿಮ್ಮ ಖಾತೆಗೇ ಹಾಕಬೇಕು, ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊ ಮುಟ್ಟಬಾರದು. ತಿಂಗಳ ಪಗಾರ ಖಾತೆಗೇ ಬರುವವರಿಗೆ, ಒಂದೇ ಸಲಕ್ಕೆ, ಇದು ನಡೆಯಬಹುದು.

ಇನ್ನೊಂದು ಜಾತಿಯನ್ನು ನಾನು ಯಾವ ಕಷ್ಟದಲ್ಲೂ ಒಪ್ಪುವುದಿಲ್ಲ. ₹5,000 ಮಂಜೂರು ಅಂತ ತೋರಿಸಿ ₹3,000 ಹಾಕುತ್ತವೆ, ಏಳು ದಿನಕ್ಕೆ ₹5,000 ಕೇಳುತ್ತವೆ. ತಪ್ಪಿದರೆ ಫೋಟೊ ತಿದ್ದಿ ನೆಂಟರಿಗೆ ಕಳಿಸುತ್ತವೆ. ಗುರುತಿಸುವುದು ಹೀಗೆ: ಕಾಂಟ್ಯಾಕ್ಟ್, ಗ್ಯಾಲರಿ ಅನುಮತಿ ಕೇಳುತ್ತದೆ, ಕಂಪನಿಯ ಹೆಸರು ಎಲ್ಲೂ ಇರುವುದಿಲ್ಲ, ವಾಟ್ಸ್‌ಆ್ಯಪ್ ಲಿಂಕಿನಿಂದ ಇಳಿಸಲು ಹೇಳುತ್ತಾರೆ. ಈಗಾಗಲೇ ಸಿಕ್ಕಿಬಿದ್ದಿದ್ದರೆ ಮೆಸೇಜುಗಳನ್ನು ಅಳಿಸಬೇಡಿ, ಸೈಬರ್ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿ, ನೆಂಟರಿಗೆ ನೀವೇ ಮೊದಲು ಹೇಳಿಬಿಡಿ. ಹೇಳಿದ ಮೇಲೆ ಆ್ಯಪ್‌ನವರ ಬೆದರಿಕೆಯ ಅರ್ಧ ಬಲ ಹೋಗುತ್ತದೆ.

ಉಚಲ ಮತ್ತು ಅಡತಿ ಮುಂಗಡ

ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ದೂರದ ಊರಿನ ಕಟ್ಟಡ ಕೆಲಸಕ್ಕೆ ಹೋಗುವವರು ಮುಕಾದಮರಿಂದ (ಕೂಲಿಗೆ ಕರೆದೊಯ್ಯುವ ಮೇಸ್ತ್ರಿಗಳಿಂದ) ಉಚಲ, ಅಂದರೆ ಕೂಲಿಯ ಮುಂಗಡ, ತೆಗೆದುಕೊಳ್ಳುತ್ತಾರೆ. ಬಡ್ಡಿ ಕಾಣುವುದಿಲ್ಲ, ಕೂಲಿಯ ದರದಲ್ಲಿ ಅಡಗಿರುತ್ತದೆ. ಗಂಡ ಹೆಂಡತಿ ಇಬ್ಬರ ದುಡಿಮೆ ತಿಂಗಳುಗಟ್ಟಲೆ ಅಲ್ಲಿಗೇ ಬರೆದಂತೆ. ತೀರುವವರೆಗೆ ಊರಿಗೆ ಹೋಗಬೇಡ ಅಂದರೆ ಅದು ಜೀತ. 1976ರ ಕಾಯ್ದೆ ಅದನ್ನು ನಿಷೇಧಿಸಿದೆ, ಅಂಥ ಸಾಲವನ್ನೂ ರದ್ದು ಮಾಡಿದೆ. ದೂರು ಜಿಲ್ಲಾಧಿಕಾರಿಗೆ, ಇಲ್ಲವೇ ಉಪವಿಭಾಗಾಧಿಕಾರಿಗೆ.

ಹೊಲ ಇದ್ದವರು ಅಡತಿ (ಕಾಳಿನ ದಲ್ಲಾಳಿ) ಅಂಗಡಿಯ ಮುಂಗಡಕ್ಕೆ ಮೊದಲು ಪ್ರಾಥಮಿಕ ಸಹಕಾರ ಸಂಘಕ್ಕೆ ಹೋಗಿ. ಸದಸ್ಯತ್ವ, ಪಹಣಿ ಇದ್ದರೆ ₹5 ಲಕ್ಷದವರೆಗೆ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ, ಗಡುವಿನೊಳಗೆ ಕಟ್ಟಬೇಕಷ್ಟೇ. ಅಡತಿ ಮುಂಗಡ ತೆಗೆದುಕೊಂಡರೆ ತೊಗರಿ ಅಲ್ಲೇ ಹಾಕಬೇಕು, ದರ ಏರುವವರೆಗೆ ಕಾಯಲಾಗದು. ಲಾವಣಿ (ಬೇರೆಯವರ ಹೊಲ ಗುತ್ತಿಗೆಗೆ) ಹಾಕಿಕೊಂಡವರಿಗೆ ಪಹಣಿ ಇಲ್ಲ, ಅವರ ಕಷ್ಟ ದೊಡ್ಡದು. ಅವರಿಗೆ ಮನೆಯಾಕೆಯ ಸಂಘದ ಸಾಲ ಬೀಜ ಗೊಬ್ಬರದ ಮಟ್ಟಿಗೆ ಸಹಾಯ ಆಗಬಹುದು.

ಹಾಗಾದರೆ ಯಾರಿಗೆ ಯಾವುದು

ದವಾಖಾನೆ ಖರ್ಚಿದ್ದರೆ ಸಾಲಕ್ಕೆ ಮೊದಲು ಬಿಪಿಎಲ್ ಕಾರ್ಡ್ ತೆಗೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ದವಾಖಾನೆಯಲ್ಲಿ ಅಡ್ವಾನ್ಸ್ ಕಟ್ಟುವ ಮೊದಲು ಕಲಬುರಗಿಯ ಸರ್ಕಾರಿ ದವಾಖಾನೆ ಜಿಮ್ಸ್‌ನಲ್ಲಿ ಕೇಳಿ. ಉಳಿದ ಖರ್ಚಿಗೆ ಬ್ಯಾಂಕಿನ ಬಂಗಾರದ ಸಾಲ.

ಬಟವಡೆವರೆಗೆ ಎರಡು ಮೂರು ಸಾವಿರ: ಕೈಗಡ, ಉದ್ರಿ, ಮುಂಗಡ. ಎಮ್ಮೆ, ಹೊಲಿಗೆ ಮಷೀನ್, ಕಿರಾಣಿಯಂಥ ದುಡಿಮೆಗೆ: ಸಂಘದ ಬ್ಯಾಂಕ್ ಸಾಲ, ಅದು ಆಗದಿದ್ದರೆ ಒಂದೇ ಒಂದು ಗುಂಪು ಸಾಲ. ಎರಡನೇ ಫೈನಾನ್ಸ್ ಬೇಡ. ಲಗ್ನಕ್ಕೆ ಗುಂಪು ಸಾಲ ತೆಗೆಯುವುದನ್ನು ನಾನು ಬೇಡ ಅನ್ನುತ್ತೇನೆ. ಅದರಿಂದ ದುಡಿಮೆ ಹುಟ್ಟುವುದಿಲ್ಲ, ಕಂತು ಮಾತ್ರ ಮುಂದಿನ ತಿಂಗಳಿಂದಲೇ ಶುರು. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರಿಗೆ ಮಂಡಳಿಯಿಂದ ಮದುವೆಗೆ, ಹೆರಿಗೆಗೆ ಸಹಾಯಧನ ಇದೆ. ಅದನ್ನು ವಾಪಸ್ ಕೊಡಬೇಕಿಲ್ಲ.

ಈಗಾಗಲೇ ಮೂರ್ನಾಲ್ಕು ಕಡೆ ಇದ್ದರೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಗಂಡನಿಗೆ ಗೊತ್ತಿಲ್ಲದ್ದು, ಹೆಂಡತಿಗೆ ಗೊತ್ತಿಲ್ಲದ್ದು ಸೇರಿಸಿ. ಬಡ್ಡಿ ಅತಿ ಹೆಚ್ಚು ಇರುವುದನ್ನು ಮೊದಲು ತೀರಿಸಿ. ಒಂದು ಸಾಲ ತೀರಿಸಲು ಇನ್ನೊಂದು ಎತ್ತುವುದು ಸಾಮಾನ್ಯವಾಗಿ ತಪ್ಪು. ಆದರೆ ನೂರಕ್ಕೆ ಹತ್ತರ ಸಾಲವನ್ನು ಬ್ಯಾಂಕಿನ ಶೇ 10ರ ಬಂಗಾರದ ಸಾಲದಿಂದ ತೀರಿಸುವುದು ಲಾಭವೇ. ಮೊದಲನೆಯದು ತಿಂಗಳಿಗೆ, ಎರಡನೆಯದು ವರ್ಷಕ್ಕೆ. ಫೈನಾನ್ಸ್ ಕಂತು ಕಟ್ಟಲಾಗದಿದ್ದರೆ ತಪ್ಪುವ ಮೊದಲೇ ಶಾಖೆಗೆ ಹೋಗಿ, ಅವಧಿ ಬೆಳೆಸಿ ಕಂತು ಕಡಿಮೆ ಮಾಡಿ ಎಂದು ಅರ್ಜಿ ಬರೆದು ಕೊಡಿ, ಅದರ ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಳ್ಳಿ.

ಸಾಲ ತೀರಿದ ದಿನ ಬಾಂಡ್, ಚೆಕ್, ಬಂಗಾರದ ಚೀಟಿ ಎಲ್ಲ ವಾಪಸ್ ತೆಗೆದುಕೊಳ್ಳಿ. ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಚೆಕ್ ಕಳೆದಿದೆ ಅಂದರೆ ಅದರ ನಂಬರ್ ಬರೆದು ಅವತ್ತೇ ಬ್ಯಾಂಕಿಗೆ ಕೊಟ್ಟು ಪೇಮೆಂಟ್ ನಿಲ್ಲಿಸಿ.